ಗಾಡಿ ಕೊಂಡ ಮೇಲೆ ಕೊಳ್ಳಬೇಕಾದದ್ದು

ಕಳೆದ ಮಾವಿನ ಸುಗ್ಗಿಯಲ್ಲಿ ನಾಲ್ಕು ದಿನದ ಮಟ್ಟಿಗೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಗಿ ಬಂದೆವು. ನಮ್ಮ ತಂಗಿಯನ್ನು ಕೊಟ್ಟ ಊರು ಅದು. ಕಾಫಿ, ಅಡಿಕೆಯ ನೆರಳಿನಲ್ಲೇ ಬೆಳೆದ ನಮ್ಮ ಕಣ್ಣಿಗೆ ಆ ಬಯಲು, ಆ ಕೆಂಪು ನೆಲ, ಸಾಲು ಹಿಡಿದು ನಿಂತ ಮಾವಿನ ತೋಪು ಪ್ರತಿ ಸಲವೂ ಹೊಸದಾಗಿಯೇ ಕಾಣುತ್ತದೆ. ಬಾದಾಮಿ, ರಸಪುರಿ, ತೋತಾಪುರಿ, ಮಲ್ಲಿಕಾ, ನೀಲಂ, ಇವುಗಳ ಕಸಿ, ಕಟಾವು, ಮಂಡಿಯ ವ್ಯಾಪಾರ ಕುರಿತು ಸದಸ್ಯ ಬಾಂಧವರಿಗೆ ಒಂದು ಲೇಖನ ಬರೆಯಬೇಕೆಂದು ಟಿಪ್ಪಣಿ ಪುಸ್ತಕ ಹಿಡಿದೇ ಹೊರಟಿದ್ದೆವು. ಆ ಲೇಖನ ಇನ್ನೊಂದು ಸಂಚಿಕೆಗೆ ಇರಲಿ. ಈ ಸಲ ಬರೆಯಬೇಕಾಗಿ ಬಂದದ್ದು ಮೋಟಾರು ಸೈಕಲ್ಲಿನ ವಿಷಯ.

ಹೋದ ದಿನವೇ ತಂಗಿಯ ಮನೆಯ ಅಂಗಳದಲ್ಲಿ ಹೊಸ ಗಾಡಿ ನಿಂತಿತ್ತು. ಹಾರ ಇನ್ನೂ ಬಾಡಿರಲಿಲ್ಲ. ಇಪ್ಪತ್ತೊಂದು ವರ್ಷದ ಸೋದರಳಿಯ, ಅದುವರೆಗೆ ಸೈಕಲ್ಲು ಬಿಟ್ಟರೆ ಬೇರೇನೂ ಓಡಿಸಿದವನಲ್ಲ, ಹೊಸದಾಗಿ ಲೈಸೆನ್ಸು ಪಡೆದಿದ್ದ. ತೋಪಿನಿಂದ ಮಂಡಿಗೆ, ಮಂಡಿಯಿಂದ ಕೋಲಾರಕ್ಕೆ, ಒಮ್ಮೊಮ್ಮೆ ರಾಯಲ್ಪಾಡಿನ ಮೇಲೆ ಆಂಧ್ರದ ಮದನಪಲ್ಲಿಗೆ ಓಡಾಡುವ ಕೆಲಸ ಅವನದು. ಗಾಡಿಗೆ ಸೀಟು ಕವರು, ಮುಂದೆ ಕ್ರ್ಯಾಷ್ ಗಾರ್ಡು, ಮೊಬೈಲು ಸಿಕ್ಕಿಸುವ ಹಿಡಿ, ಟ್ಯಾಂಕಿನ ಮೇಲೆ ಸ್ಟಿಕ್ಕರು, ಎಲ್ಲಾ ಸೇರಿ ನಾಲ್ಕು ಸಾವಿರ ರೂಪಾಯಿ ಖರ್ಚಾಗಿತ್ತು. "ಇಷ್ಟೆಲ್ಲಾ ಗಾಡಿಗಾಯಿತಲ್ಲಪ್ಪ, ನಿನ್ನ ಮೈಗೆ ಏನು ಕೊಂಡೆ?" ಎಂದು ಕೇಳಿದೆವು. "ಹೆಲ್ಮೆಟ್ ಇದೆಯಲ್ಲ ಮಾವ" ಎಂದು ಕನ್ನಡಿಗೆ ನೇತು ಹಾಕಿದ್ದುದನ್ನು ತೋರಿಸಿದ. ಗಾಡಿಯ ಜೊತೆಗೆ ಬಂದದ್ದಂತೆ. ಅವನ ತಲೆಗೆ ಹಾಕಿಸಿ, ಪಟ್ಟಿ ಬಿಗಿದು, ಎರಡೂ ಕಡೆ ಹಿಡಿದು ತಿರುಗಿಸಿ ನೋಡಿದೆವು. ಹೆಲ್ಮೆಟ್ ತಿರುಗಿತು, ತಲೆ ಇದ್ದಲ್ಲೇ ಇತ್ತು.

"ಅಣ್ಣ, ನಾನು ಹೇಳಿದರೆ ಕೇಳಲ್ಲ, ನೀನೇ ಇವನಿಗೆ ಸರಿಯಾಗಿ ಹೇಳು" ಎಂದಳು ತಂಗಿ. ಅವಳಿಗೆ ನಮ್ಮ ಬಲಗೈಯ ಕಥೆ ಗೊತ್ತು.

ಅದನ್ನು ಇಲ್ಲಿಯೂ ಹೇಳಿಬಿಡುತ್ತೇವೆ. 1994ರ ಆಷಾಢ. ಕಾಲೇಜು ಮುಗಿಸಿ ಬಂದು ತೋಟದ ಜವಾಬ್ದಾರಿ ವಹಿಸಿಕೊಂಡ ಹೊಸತು. ಮೈಸೂರಿನ ಕಾರ್ಖಾನೆಯಿಂದ ಬಂದ ಯೆಜ್ಡಿ ನಮ್ಮ ತಂದೆಯವರದು. ಕೊಪ್ಪದಿಂದ ಮನೆಗೆ ಬರುತ್ತಿದ್ದೆವು. ಮೈಮೇಲೆ ಮಡಿಸಿ ಕಟ್ಟಿದ ಪಂಚೆ, ಕಾಲಿಗೆ ಹವಾಯಿ ಚಪ್ಪಲಿ, ತಲೆಗೆ ಟವೆಲು. ವೇಗ ನಲವತ್ತೂ ಇರಲಿಲ್ಲ. ತಿರುವಿನಲ್ಲಿ ಕೊಳೆತ ಎಲೆ ಬಿದ್ದು ಪಾಚಿ ಹಿಡಿದ ಜಾಗ, ಹಿಂದಿನ ಚಕ್ರ ಜಾರಿತು. ತಲೆ ಉಳಿದದ್ದು ನಮ್ಮ ಜಾಣತನದಿಂದಲ್ಲ, ಚರಂಡಿಯಲ್ಲಿ ಹುಲ್ಲಿದ್ದುದರಿಂದ. ಎರಡೂ ಅಂಗೈಯ ಚರ್ಮ ಟಾರಿಗೆ ಹೋಯಿತು, ಬಲ ಮಣಿಕಟ್ಟು ಮುರಿಯಿತು, ಕಾಲಿನ ಹೆಬ್ಬೆರಳ ಉಗುರು ಇಂದಿಗೂ ನೆಟ್ಟಗಿಲ್ಲ. ಒಂದು ತಿಂಗಳು ತಾಯಿಯವರ ಕೈತುತ್ತು. ಅದಕ್ಕಿಂತ ದೊಡ್ಡ ನಷ್ಟ ತೋಟದಲ್ಲಾಯಿತು. ಬೋರ್ಡೋ ದ್ರಾವಣದ ಎರಡನೆಯ ಸಿಂಪರಣೆಯ ಹೊತ್ತು ಅದು. ಊರೂರು ಅಲೆದು ಕೊನೆಗಾರರನ್ನು ಕರೆತರುತ್ತಿದ್ದವರು ನಾವೇ. ನಾವು ಹಾಸಿಗೆ ಹಿಡಿದೆವು, ಮಳೆ ಬಿಡಲಿಲ್ಲ, ಕೊಳೆರೋಗ ಅಡಿಕೆಯನ್ನು ಉದುರಿಸಿತು. ಅಂದಿನ ಲೆಕ್ಕದಲ್ಲಿ ನೂರಿನ್ನೂರು ರೂಪಾಯಿಯ ಒಂದು ಜೊತೆ ಕೈಗವಸು ಇದ್ದಿದ್ದರೆ ಒಂದು ವರ್ಷದ ಫಸಲು ಉಳಿಯುತ್ತಿತ್ತೆಂದು ನಮ್ಮ ತಂದೆಯವರು ಕೊನೆಯವರೆಗೂ ಆಡುತ್ತಿದ್ದರು.

ನಮ್ಮ ಸದಸ್ಯರ ಮನೆಗಳಲ್ಲಿಯೂ ಈಗ ಹುಡುಗರು, ಹೆಣ್ಣುಮಕ್ಕಳು ಗಾಡಿ ಕಲಿಯುತ್ತಿದ್ದಾರೆ. ಅವರಿಗಾಗಿ, ಸೋದರಳಿಯನಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇವೆ.

ಮೊದಲು ತಲೆಯ ವಿಷಯ. ಅರಬ್ ನಾಡಿನಲ್ಲಿ ಹೆಸರು ಮಾಡಿದ ಟಿ.ಇ. ಲಾರೆನ್ಸ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯ ಹೆಸರು ಕೇಳಿದವರು ನಮ್ಮಲ್ಲಿ ಹಲವರಿದ್ದಾರೆ. ಯುದ್ಧದಲ್ಲಿ ಬದುಕಿ ಬಂದ ಆತ 1935ರ ಮೇ 13ರಂದು ತನ್ನ ಮನೆಯ ಹತ್ತಿರದ ರಸ್ತೆಯಲ್ಲಿ ಮೋಟಾರು ಸೈಕಲ್ಲಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರನೆಯ ದಿನ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರವೈದ್ಯ ಒಬ್ಬರು. ಅವರು ಅಲ್ಲಿಗೇ ಬಿಡಲಿಲ್ಲ. ಎರಡನೆಯ ಮಹಾಯುದ್ಧ ಮೊದಲಾದ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಮೋಟಾರು ಸೈಕಲ್ ಸವಾರರೂ ಹಿಂಬದಿಯವರೂ ಸತ್ತಿದ್ದರೆಂದು 1941ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಶಿರಸ್ತ್ರಾಣ ಧರಿಸಿ ಬಿದ್ದವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಏಳೂ ಮಂದಿ ಬದುಕಿದ್ದರು. ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು ಆಮೇಲೆಯೇ. ಸರಿಯಾದ ಹೆಲ್ಮೆಟನ್ನು ಸರಿಯಾಗಿ ಧರಿಸಿದರೆ ಸಾವಿನ ಸಂಭವ ಶೇಕಡಾ 42ರಷ್ಟು, ತಲೆಯ ಪೆಟ್ಟಿನ ಸಂಭವ ಶೇಕಡಾ 69ರಷ್ಟು ಕಡಿಮೆಯಾಗುತ್ತದೆಂದು ಮುಂದೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದ್ದಾರೆ. ನಮ್ಮ ದೇಶದ ಸಾರಿಗೆ ಸಚಿವಾಲಯ ಕೊಟ್ಟ ಲೆಕ್ಕದಂತೆ 2022 ಒಂದೇ ವರ್ಷದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕುಳಿತವರು.

"ನಾನು ನಿಧಾನವಾಗಿ ಹೋಗುತ್ತೇನೆ ಮಾವ" ಎಂದ ಹುಡುಗ. ನಿಧಾನದ ಮಾತು ಎಲ್ಲರೂ ಆಡುತ್ತಾರೆ. ಗಾಡಿ ನಿಂತಿದ್ದಾಗಲೇ ಪಕ್ಕಕ್ಕೆ ಉರುಳಿದರೂ ಐದಡಿ ಎತ್ತರದ ತಲೆ ನೆಲ ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರು ಆಗಿರುತ್ತದೆ. ಇದು ಶಾಲೆಯ ಭೌತಶಾಸ್ತ್ರದ ಲೆಕ್ಕ.

ಮರುದಿನ ಕೋಲಾರಕ್ಕೆ ಹೊರಟೆವು. ಇಬ್ಬರಿಗೆ ಒಂದೇ ಹೆಲ್ಮೆಟ್, ಅದೂ ಸಡಿಲ; ಆದಕಾರಣ ಬಸ್ಸಿನಲ್ಲಿ. ಹೊಸ ಗಾಡಿ ಮನೆಯಲ್ಲಿಟ್ಟು ಬಸ್ಸಿಗೆ ಕಾಯುವುದೆಂದರೆ ಹುಡುಗನಿಗೆ ಬಹಳ ನಾಚಿಕೆಯಾಯಿತು. ಭಾವನವರು ಎಂಟು ಸಾವಿರ ರೂಪಾಯಿ ಕೊಟ್ಟಿದ್ದರು. 2025ರ ಜೂನಿನಲ್ಲಿ ತೋತಾಪುರಿಯ ಬೆಲೆ ಕುಸಿದು, ಚಿತ್ತೂರು ಜಿಲ್ಲೆಯವರು ಹೊರಗಿನ ಹಣ್ಣನ್ನು ತಡೆದಾಗ ಬಿದ್ದ ಏಟು ಆ ಕಡೆಯ ಬೆಳೆಗಾರರಿಗೆ ಚೆನ್ನಾಗಿ ನೆನಪಿದೆ. ಅಷ್ಟು ಹಣವನ್ನು ಅವರು ಎಣಿಸಿ ಎಣಿಸಿಯೇ ಕೊಟ್ಟರು. ಅದರೊಳಗೇ ಮುಗಿಸಬೇಕಿತ್ತು.

ಬೆಂಗಳೂರು-ಚೆನ್ನೈ ಹೆದ್ದಾರಿಯ ಬದಿಯಲ್ಲಿ ಬಿದಿರಿಗೆ ಸಿಕ್ಕಿಸಿ ಹೆಲ್ಮೆಟ್ ಮಾರುವವರನ್ನು ಎಲ್ಲರೂ ನೋಡಿದ್ದೇವೆ. ಮುನ್ನೂರಕ್ಕೂ ಸಿಗುತ್ತದೆ, ಚೌಕಾಶಿ ಮಾಡಿದರೆ ಇನ್ನೂರಕ್ಕೂ. ಐ.ಎಸ್.ಐ. ಗುರುತು ಅದರ ಮೇಲೂ ಇರುತ್ತದೆ, ಸ್ಟಿಕ್ಕರಿಗೇನು ಬರ! ನಿಜವಾದ ಗುರುತಿನಲ್ಲಿ ಐ.ಎಸ್. 4151 ಎಂಬ ಸಂಖ್ಯೆಯೂ, ಸಿ.ಎಂ./ಎಲ್. ಎಂದು ಮೊದಲಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಆ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ 'ಬಿ.ಐ.ಎಸ್. ಕೇರ್' ಎಂಬ ಮೊಬೈಲು ಆ್ಯಪಿನಲ್ಲಿ ಒತ್ತಿದರೆ ಅದು ಯಾವ ಕಾರ್ಖಾನೆಗೆ ಸೇರಿದ್ದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ. 2021ರ ಜೂನ್ 1ರಿಂದ ಈ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಕಿವಿ ಮುಚ್ಚದ ಟೋಪಿಯಂಥ ಅರ್ಧ ಹೆಲ್ಮೆಟನ್ನು ನಾವು ಹೆಲ್ಮೆಟ್ ಎಂದೇ ಕರೆಯುವುದಿಲ್ಲ.

ಹೆಲ್ಮೆಟಿನ ಒಳಗೆ ಕೆಲಸ ಮಾಡುವುದು ಹೊರಗಿನ ಹೊಳಪಿನ ಚಿಪ್ಪಿಗಿಂತ ಹೆಚ್ಚಾಗಿ ಅದರ ಹಿಂದಿನ ಥರ್ಮೋಕೋಲಿನಂಥ ದಪ್ಪ ಪದರ. ಪೆಟ್ಟು ಬಿದ್ದಾಗ ಅದು ಜಜ್ಜಿ ಹೋಗುತ್ತದೆ. ಹಾಗೆ ಜಜ್ಜುವಷ್ಟು ಹೊತ್ತು ತಲೆಗೆ ನಿಲ್ಲಲು ಅವಕಾಶ ಸಿಗುತ್ತದೆ. ಅಡಿಕೆ ಮೂಟೆಯನ್ನು ಹುಲ್ಲಿನ ಮೇಲೆ ಕೆಡಹುವುದಕ್ಕೂ ಕಲ್ಲಿನ ಮೇಲೆ ಕೆಡಹುವುದಕ್ಕೂ ಇರುವ ವ್ಯತ್ಯಾಸವೇ ಇದು. ಒಮ್ಮೆ ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು, ಹೊರಗೆ ಗೆರೆ ಬಿದ್ದಿರದಿದ್ದರೂ, ಎಸೆಯಬೇಕು. ಯಾರೋ ಬಳಸಿದ್ದನ್ನು ಅರ್ಧ ಬೆಲೆಗೆ ಕೊಳ್ಳಲೂಬಾರದು. ಅದು ಏನೇನು ಕಂಡಿದೆಯೋ ನಮಗೆ ತಿಳಿಯದು.

ಮುಖ ಪೂರ್ತಿ ಮುಚ್ಚುವ, ಗದ್ದದ ಮುಂದೆ ಗಟ್ಟಿ ಪಟ್ಟಿ ಇರುವ ಹೆಲ್ಮೆಟನ್ನೇ ಹೊಸ ಸವಾರ ಕೊಳ್ಳಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಮುಂದಕ್ಕೆ ಮುಗ್ಗರಿಸಿ ಬಿದ್ದವನ ದವಡೆ, ಹಲ್ಲು ಉಳಿಯಬೇಕಲ್ಲ! ಶೆಖೆ ಎಂಬ ದೂರು ಶ್ರೀನಿವಾಸಪುರದ ಬಿಸಿಲಿನಲ್ಲಿ ನಿಜವೇ. ಗಾಳಿಯ ಕಿಂಡಿ ಮುಂದೆಯೂ ಹಿಂದೆಯೂ ಇದ್ದು, ಒಳಗಿನ ಬಟ್ಟೆ ಬಿಚ್ಚಿ ಒಗೆಯುವಂತಿದ್ದರೆ ತಾಳಿಕೊಳ್ಳಬಹುದು.

ಅಳತೆಯೇ ಮುಖ್ಯ. ಹುಬ್ಬಿನಿಂದ ಒಂದಂಗುಲ ಮೇಲೆ, ಹಿಂದೆ ಬುರುಡೆಯ ಉಬ್ಬು ಬರುವಂತೆ ಟೇಪು ಸುತ್ತಿ ಸೆಂಟಿಮೀಟರಿನಲ್ಲಿ ಅಳೆಯಬೇಕು. ನಮ್ಮ ಹುಡುಗನ ತಲೆ 57 ಬಂತು. ಗಾಡಿಯ ಜೊತೆಗೆ ಬಂದದ್ದು 60ರ ಅಳತೆಯದು. ಅಂಗಡಿಯಲ್ಲಿ ಮಧ್ಯಮ ಅಳತೆಯದನ್ನು ಹಾಕಿದೊಡನೆ "ಬಿಗಿ, ಬಿಗಿ" ಎಂದ. ಹೊಸ ಹೆಲ್ಮೆಟ್ ಕೆನ್ನೆಯನ್ನು ಒತ್ತಲೇಬೇಕು, ಮಾತನಾಡಿದರೆ ಒಳಗಿನ ಕೆನ್ನೆ ಹಲ್ಲಿಗೆ ತಾಗುವಷ್ಟು. ಕೆಲವು ವಾರದಲ್ಲಿ ಮೆತ್ತೆ ಕುಗ್ಗುತ್ತದೆ. ಆದರೆ ಹಣೆಯ ಒಂದೇ ಜಾಗದಲ್ಲಿ ನೋವಾದರೆ ಆ ಆಕಾರ ಆ ತಲೆಗೆ ಹೊಂದುವುದಿಲ್ಲವೆಂದು ತಿಳಿಯಬೇಕು. ತಲೆ ಅಲ್ಲಾಡಿಸದೆ ಹೆಲ್ಮೆಟನ್ನು ತಿರುಗಿಸಿದರೆ ಹಣೆಯ ಚರ್ಮವೂ ಜೊತೆಗೆ ಎಳೆಯಬೇಕು. ಪಟ್ಟಿ ಹಾಕಿ, ಹಿಂದಿನ ಅಂಚನ್ನು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದರೆ ಕಳಚಿಕೊಳ್ಳಬಾರದು. ಇದಾದ ಮೇಲೆ ಹತ್ತು ಹದಿನೈದು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಕುಳಿತಿರಬೇಕು. ಹುಡುಗ ಹಾಗೆಯೇ ಕುಳಿತ. ಅಂಗಡಿಯವರು ಕಾಫಿ ತರಿಸಿದರು, ಅವನಿಗೆ ಕುಡಿಯಲಾಗಲಿಲ್ಲ. (ಕಾಫಿ ಚಿಕೋರಿಯೇ ಹೆಚ್ಚು, ಅವನಿಗೆ ನಷ್ಟವಾಗಲಿಲ್ಲ.) ನಾಲ್ಕನೆಯದು ಸರಿಹೋಯಿತು. ಬೆಲೆ 2,400. ಕಪ್ಪು ಗಾಜು ಬೇಕೆಂದ. ರಾತ್ರಿ ಮಂಡಿಯಿಂದ ಬರುವವನಿಗೆ ಬಿಳಿ ಗಾಜೇ ಸರಿ ಎಂದು ನಾವು ಬಿಡಲಿಲ್ಲ.

ಎರಡನೆಯದು ಕೈಗವಸು. ಜಾಕೆಟಿಗಿಂತ ಮೊದಲು ಇದನ್ನು ಹೇಳುತ್ತಿರುವುದಕ್ಕೆ ನಮ್ಮ ಅಂಗೈಯೇ ಕಾರಣ. ಬೀಳುವವನು ಯೋಚಿಸುವ ಮೊದಲೇ ಕೈ ಮುಂದಕ್ಕೆ ಹೋಗಿರುತ್ತದೆ. ಮೆಣಸು ಕುಯ್ಯುವುದು, ಕಾಫಿ ಗಿಡ ಸವರುವುದು, ಅಡಿಕೆ ಸುಲಿಯುವುದು, ಮಾವಿಗೆ ಕಸಿ ಕಟ್ಟುವುದು ಎಲ್ಲವೂ ಇದೇ ಹತ್ತು ಬೆರಳುಗಳಿಂದಲ್ಲವೇ? ಅಂಗೈಗೆ ಚರ್ಮವಿದ್ದು ಮಣಿಕಟ್ಟಿನ ಹತ್ತಿರ ಗಟ್ಟಿ ಬಿಲ್ಲೆ, ಬೆರಳ ಗೆಣ್ಣಿಗೆ ರಕ್ಷೆ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಇರಬೇಕು. ಪಟ್ಟಿ ಬಿಗಿದ ಮೇಲೆ ಬೆರಳ ತುದಿ ಹಿಡಿದೆಳೆದರೆ ಗವಸು ಕಳಚಬಾರದು. ಬ್ರೇಕು, ಕ್ಲಚ್ಚು ಹಿಡಿದು ನೋಡಿಯೇ ಕೊಳ್ಳಬೇಕು. ದಪ್ಪ ಹೆಚ್ಚಾದರೆ ಕ್ಲಚ್ಚಿನ ಹದ ತಿಳಿಯದೆ ಹೊಸಬರು ಗಾಡಿಯನ್ನು ಜಿಗಿಸುತ್ತಾರೆ. ಅರ್ಧ ಬೆರಳಿನ ಗವಸು ಫೋಟೋಕ್ಕೆ ಸರಿ. 1,500 ರೂಪಾಯಿಗೆ ಒಂದು ಜೊತೆ ಸಿಕ್ಕಿತು.

ಪಾದರಕ್ಷೆಗೆ 2,200. ಕಣಕಾಲ ಗಂಟು ಮುಚ್ಚುವ, ಹಿಮ್ಮಡಿ ಗಟ್ಟಿಯಾಗಿರುವ, ತಳ ಜಾರದ ಬೂಟು. ಕಾಲಿನ ಮೇಲೆ ಗಾಡಿ ಬೀಳುವುದು ಹೊಸಬರ ಸಾಮಾನ್ಯ ಅನುಭವ. ಲಾಡಿಯನ್ನು ಒಳಗೆ ಸಿಕ್ಕಿಸದಿದ್ದರೆ ಗೇರಿಗೆ ತೊಡರಿ, ನಿಲ್ಲಿಸುವಾಗ ಕಾಲು ಕೆಳಗಿಡಲಾಗದೆ ಉರುಳುತ್ತಾರೆ. ನಮ್ಮ ಕಡೆ ತೋಟದ ಗಂಬೂಟಿನಲ್ಲೇ ಗಾಡಿ ಓಡಿಸುವವರು ಬಹಳ ಮಂದಿ. ಜಿಗಣೆಗೆ, ಕೆಸರಿಗೆ ಅದು ಸರಿ. ಗಾಡಿಯಲ್ಲಿ ಅದರಿಂದ ಕಣಕಾಲಿಗೆ ಆಧಾರವಿಲ್ಲ, ಗೇರಿನ ಸೂಕ್ಷ್ಮವೂ ಪಾದಕ್ಕೆ ತಿಳಿಯದು. ಹವಾಯಿ ಚಪ್ಪಲಿಗಿಂತ ಮೇಲು ಎಂದಷ್ಟೇ ಹೇಳಬಹುದು.

ಉಳಿದದ್ದು 1,900 ರೂಪಾಯಿ. ಅದಕ್ಕೆ ನಂಬುವಂಥ ಜಾಕೆಟ್ ಬರುವುದಿಲ್ಲ. ಅಂಗಡಿಯಲ್ಲಿ ಎರಡು ಸಾವಿರಕ್ಕೆ ಒಂದು ತೋರಿಸಿದರು. ಭುಜದಲ್ಲಿ ಇದ್ದದ್ದು ದಿಂಬಿನ ಸ್ಪಂಜು. ಬೆರಳಿನಿಂದ ಒತ್ತಿದರೆ ಒಳಗಿನ ಮೂಳೆ ಸಿಗುವಂಥದ್ದು ರಕ್ಷೆಯಲ್ಲ. ಒಳ್ಳೆಯ ಜಾಕೆಟಿನ ಭುಜ, ಮೊಣಕೈ, ಬೆನ್ನಿನ ಮೆತ್ತೆಯ ಮೇಲೆ ಯೂರೋಪಿನ ಇ.ಎನ್. 1621 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. 1 ಮತ್ತು 2 ಎಂದು ಎರಡು ದರ್ಜೆ, ಎರಡನೆಯದು ಮೈಗೆ ಪೆಟ್ಟನ್ನು ಕಡಿಮೆ ದಾಟಿಸುತ್ತದೆ. ಕೋಲಾರದಂಥ ಬಯಲು ಸೀಮೆಗೆ ಬಲೆಯಂತೆ ಗಾಳಿ ಆಡುವ ಬಟ್ಟೆಯದು ಬೇಕು. ನಮ್ಮ ಮಲೆನಾಡಿಗೆ ಅದೇ ಜಾಕೆಟ್, ಮೇಲಿನಿಂದ ಬೇರೆ ಮಳೆಕೋಟು. ಒಳಗೇ ಮಳೆಯ ಪದರ ಹೊಲಿದದ್ದು ನಮ್ಮ ಜುಲೈ ತಿಂಗಳಲ್ಲಿ ಒಣಗುವುದೇ ಇಲ್ಲವೆಂಬುದು ನಮ್ಮ ಅನುಭವ. ಈ ಸಲ ಜಾಕೆಟ್ ಬೇಡ, ಮುಂದಿನ ಫಸಲಿಗೆ ನೋಡೋಣ, ಅಲ್ಲಿಯವರೆಗೆ ಮಂಡಿಯವರೆಗೆ ಮಾತ್ರ ಓಡಾಡು, ತುಂಬು ತೋಳಿನ ದಪ್ಪ ಜೀನ್ಸ್ ಕೋಟು ಹಾಕು, ಮದನಪಲ್ಲಿಗೆ ಬಸ್ಸಿದೆ ಎಂದು ತೀರ್ಮಾನ ಮಾಡಿದೆವು. ಜೀನ್ಸ್ ಬಟ್ಟೆ ಟಾರಿನ ಮೇಲೆ ಬಹಳ ದೂರ ತಾಳುವುದಿಲ್ಲ. ಆದರೂ ಪಾಲಿಯೆಸ್ಟರು ಷರಟಿನಂತೆ ಬಿಸಿಗೆ ಕರಗಿ ಗಾಯಕ್ಕೆ ಅಂಟುವುದಿಲ್ಲ.

ಉಳಿದ ಹಣಕ್ಕೆ ಇನ್ನೊಂದು ಹೆಲ್ಮೆಟ್ ಕೊಂಡೆವು, ತಂಗಿಗೆ. ಇದಕ್ಕೆ ಹುಡುಗನಿಗಿಂತ ಅವಳನ್ನು ಒಪ್ಪಿಸುವುದೇ ಕಷ್ಟವಾಯಿತು. "ನನಗೆ ಯಾಕಣ್ಣ, ನಾನು ದೇವಸ್ಥಾನಕ್ಕೆ ಹೋಗುವವಳು, ತಲೆಯಲ್ಲಿ ಹೂ ಇರುತ್ತೆ" ಎಂದಳು. ಮೇಲೆ ಕೊಟ್ಟ 14,337ರ ಲೆಕ್ಕ ಓದಿ ಹೇಳಿದೆವು. ಕರ್ನಾಟಕದಲ್ಲಿ ಹಿಂಬದಿಯವರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ತುರುಬನ್ನು ಮೇಲೆ ಕಟ್ಟುವ ಬದಲು ಕುತ್ತಿಗೆಯ ಹತ್ತಿರ ಜಡೆ ಇಳಿಬಿಟ್ಟರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಹೂವನ್ನು ದೇವಸ್ಥಾನದ ಬಾಗಿಲಲ್ಲಿ ಮುಡಿದರಾಯಿತು. ಸೆರಗು, ದುಪ್ಪಟ್ಟ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ಗಾರ್ಡು ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕೆಂದು ಅದನ್ನು ಬಿಚ್ಚಿಸುವ ಹುಡುಗರಿದ್ದಾರೆ. ನಮ್ಮವನೂ ಬಿಚ್ಚಿಸಿದ್ದ, ಅಂದೇ ಸಂಜೆ ಹಾಕಿಸಿದೆವು. ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳುವವರು ತಿಳಿಯಬೇಕಾದದ್ದು: ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಅದರ ಅಳತೆಯ ಹೆಲ್ಮೆಟ್, ಸವಾರನಿಗೆ ಕಟ್ಟಿಕೊಳ್ಳುವ ಪಟ್ಟಿ, ವೇಗ 40 ಕಿಲೋಮೀಟರು ಮೀರದಿರುವುದು, ಇವು 2022ರ ಫೆಬ್ರವರಿಯಲ್ಲಿ ಪ್ರಕಟವಾದ ಕೇಂದ್ರದ ನಿಯಮ.

ದಂಡದ ವಿಷಯ ಬರೆಯಲು ಮನಸ್ಸಿಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಸಾವಿರದಿಂದ ಐನೂರಕ್ಕೆ ಇಳಿಸಿದರು. ಕೊನೆಗಾರರು ಸಿಗದ ಆಷಾಢದಲ್ಲಿ ಮುರಿದ ಮಣಿಕಟ್ಟಿನ ದಂಡವನ್ನು ಯಾರೂ ಇಳಿಸುವುದಿಲ್ಲ.

ಕೊಂಡದ್ದನ್ನು ಇಡುವ ಬಗ್ಗೆ ನಮ್ಮ ಬೆಳೆಗಾರರಿಗೆ ವಿಶೇಷವಾಗಿ ಒಂದು ಮಾತು. ನಮ್ಮಲ್ಲಿ ಹೆಲ್ಮೆಟ್ ಬಂದು ಕೂರುವ ಜಾಗ ಸಾಮಾನ್ಯವಾಗಿ ಔಷಧಿ ಕೋಣೆಯ ಮೊಳೆ. ಪೆಟ್ರೋಲು, ಥಿನ್ನರು, ಇ.ಸಿ. ಎಂದು ಬರೆದ ಕೀಟನಾಶಕಗಳಲ್ಲಿರುವ ದ್ರಾವಕ, ಇವು ತಾಗಿದರೆ ಒಳಗಿನ ಥರ್ಮೋಕೋಲು ಕರಗುತ್ತದೆ, ಹೊರಗಿನ ಪ್ಲಾಸ್ಟಿಕ್ಕೂ ಬಲ ಕಳೆದುಕೊಳ್ಳುತ್ತದೆ. ಔಷಧಿ ಹೊಡೆದ ಕೈಯಲ್ಲಿ ಹೆಲ್ಮೆಟ್ ಮುಟ್ಟಿದರೆ ವಿಷ ನೇರ ಬಾಯಿ ಮೂಗಿನ ಹತ್ತಿರ ಹೋಗುತ್ತದೆಂಬುದು ಬೇರೆ. ಅದನ್ನು ಮನೆಯೊಳಗೆ, ಒಲೆಯಿಂದ ದೂರ, ಗಾಳಿ ಆಡುವಲ್ಲಿ ಇಡತಕ್ಕದ್ದು. ಸೋಪಿನ ನೀರಲ್ಲದೆ ಬೇರೇನೂ ಹಚ್ಚಬಾರದು. ನಮ್ಮ ಮಳೆಗಾಲದ ಬೂಷ್ಟಿಗೆ ಒಳಬಟ್ಟೆಯನ್ನು ಹದಿನೈದು ದಿನಕ್ಕೊಮ್ಮೆ ಒಗೆದು ಒಲೆಯ ಅಟ್ಟದ ಬೆಚ್ಚನೆಯಲ್ಲಿ ಒಣಗಿಸಬಹುದು, ಹೆಲ್ಮೆಟನ್ನಲ್ಲ. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ನಾವು ಕೊಪ್ಪಕ್ಕೆ ಮರಳಿ ಮೂರು ವಾರವಾದ ಮೇಲೆ ಸೋದರಳಿಯ ಫೋನು ಮಾಡಿದ. ಮಂಡಿಯ ಮುಂದೆ ಹಣ್ಣಿನ ಸಿಪ್ಪೆ ಬಿದ್ದ ಜಾಗದಲ್ಲಿ ಗಾಡಿ ಜಾರಿ ಉರುಳಿದನಂತೆ. ಕ್ರ್ಯಾಷ್ ಗಾರ್ಡು ಬಾಗಿದೆ, ಎಡಗೈ ಗವಸಿನ ಅಂಗೈ ಬಿಲ್ಲೆ ಅರ್ಧ ಸವೆದಿದೆ. "ಕೈಗೆ ಏನೂ ಆಗಿಲ್ಲ ಮಾವ, ಅಪ್ಪನಿಗೆ ಹೇಳಬೇಡಿ" ಎಂದ. ಹೆಲ್ಮೆಟ್ ನೆಲಕ್ಕೆ ತಾಗಿತೇ ಎಂದು ಮೂರು ಸಲ ಕೇಳಿದೆವು, ಇಲ್ಲವೆಂದ. ಭಾವನವರು ಈ ಪತ್ರಿಕೆ ಓದುವುದಿಲ್ಲವೆಂಬ ಧೈರ್ಯದಿಂದ ಬರೆದಿದ್ದೇವೆ.

ಮುಂದಿನ ಮಾಸಿಕ ಸಭೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಹೆಲ್ಮೆಟ್ ವ್ಯಾಪಾರಿಯೊಬ್ಬರನ್ನು ಸಂಘದ ಕಚೇರಿಗೆ ಬರಹೇಳಿದ್ದೇವೆ. ಎಲ್ಲಾ ಅಳತೆಯವನ್ನು ತರುತ್ತಾರೆ, ಹಾಕಿ ನೋಡಲು ದುಡ್ಡಿಲ್ಲ. ಮಗನ ತಲೆಯ ಅಳತೆ ಚೀಟಿಯಲ್ಲಿ ಬರೆದು ತರುವುದು ಬೇಡ, ಮಗನನ್ನೇ ಕರೆತನ್ನಿ. ಹೆಂಗಸರೂ ಬರಬೇಕು. ಕನ್ನಡಕ ಹಾಕುವವರು ಕನ್ನಡಕ ಸಮೇತ ಬರತಕ್ಕದ್ದು.